ತಂತಿವಾದ್ಯದ ಒಳಗಿನ ಆಧಾರಗಳು

ತಂತಿವಾದ್ಯವನ್ನು ನೋಡುವವರ ಕಣ್ಣು ಮೊದಲು ಅದರ ಮೆರುಗಿನ ಮೇಲೂ ತಂತಿಗಳ ಮೇಲೂ ಬೀಳುವುದು ಸಹಜವೇ ಸರಿ. ಆದರೆ ವಾದ್ಯವು ಕುಸಿಯದೆ ನಿಲ್ಲುವುದಕ್ಕೂ ಇಂಪಾಗಿ ನುಡಿಯುವುದಕ್ಕೂ ಕಾರಣವಾದ ಕೆಲವು ಮರದ ತುಂಡುಗಳು ಅದರ ಹೊಟ್ಟೆಯೊಳಗೆ ಅಡಗಿರುತ್ತವೆ. ನಮ್ಮ ವಿದ್ಯಾರ್ಥಿನಿಯರಲ್ಲಿ ಪಿಟೀಲನ್ನೂ ಗಿಟಾರನ್ನೂ ಅಭ್ಯಾಸಮಾಡುವವರು ಇರುವುದರಿಂದ, ಈ ಗುಪ್ತವಾದ ಆಧಾರಗಳ ವಿಷಯವಾಗಿ ಇಲ್ಲಿ ಸ್ವಲ್ಪ ವಿಚಾರಮಾಡೋಣ.

ತಂತಿಯು ಸಪೂರವಾದದ್ದು, ಅದು ತಾನಾಗಿ ಅಲುಗಿಸುವ ಗಾಳಿಯು ಅತ್ಯಲ್ಪ. ಅದರ ಕಂಪನವು ಕುದುರೆಯ ಮೂಲಕ ಮೇಲಣ ಹಲಗೆಗೆ ಇಳಿದು, ಹಲಗೆಯು ಕಂಪಿಸಿ ಬಹಳ ಗಾಳಿಯನ್ನು ಅಲುಗಿಸಿದಾಗಲೇ ತುಂಬುನಾದವು ಹುಟ್ಟುತ್ತದೆ. ಹೀಗೆ ಕಂಪಿಸಬೇಕಾದರೆ ಹಲಗೆಯು ತೆಳುವಾಗಿರಬೇಕು. ಗಿಟಾರಿನಲ್ಲಿ ಅದರ ದಪ್ಪವು ಸುಮಾರು 2ರಿಂದ 3 ಮಿಲಿಮೀಟರ್ ಮಾತ್ರ. ಆದರೆ ಆರು ಉಕ್ಕಿನ ತಂತಿಗಳ ಸೆಳೆತವು ಒಟ್ಟಿಗೆ ಸುಮಾರು 70 ಕಿಲೋಗ್ರಾಂ ಭಾರಕ್ಕೆ ಸಮನಾಗುತ್ತದೆ. ಹಲಗೆಯನ್ನು ದಪ್ಪಮಾಡಿದರೆ ವಾದ್ಯವು ಮೂಕವಾಗುತ್ತದೆ. ತೆಳುವಾಗಿಯೇ ಬಿಟ್ಟರೆ ಡೊಂಕಾಗಿ ಕೆಡುತ್ತದೆ. ಈ ಸಂಕಟಕ್ಕೆ ಪರಿಹಾರವೇ ಒಳಗಿನಿಂದ ಅಂಟಿಸುವ ಪಟ್ಟಿಗಳು.

ಪಟ್ಟಿಗಳ ಗುಣವನ್ನು ತಿಳಿಯುವುದಕ್ಕೆ ಒಂದು ಅಡಿಕೋಲು ಸಾಕು. ಅದನ್ನು ಮಲಗಿಸಿ ಹಿಡಿದು ಅದುಮಿದರೆ ಸುಲಭವಾಗಿ ಬಾಗುವುದು. ಅಂಚಿನ ಮೇಲೆ ನಿಲ್ಲಿಸಿ ಅದುಮಿದರೆ ಬಾಗಲಾರದು. ಪಟ್ಟಿಯ ಅಗಲವನ್ನು ಎರಡರಷ್ಟು ಮಾಡಿದರೆ ಅದರ ಬಿರುಸು ಎರಡರಷ್ಟೇ ಆಗುತ್ತದೆ. ಎತ್ತರವನ್ನು ಎರಡರಷ್ಟು ಮಾಡಿದರೆ ಎಂಟರಷ್ಟಾಗುತ್ತದೆ. ತೂಕವಾದರೋ ಎರಡರಲ್ಲಿಯೂ ಒಂದೇ. ಆದದರಿಂದಲೇ ಕುಶಲರಾದ ಬಡಗಿಗಳು ಪಟ್ಟಿಯನ್ನು ಸಪೂರವಾಗಿಯೂ ಎತ್ತರವಾಗಿಯೂ ಕೊರೆದು, ಅಲ್ಪ ತೂಕದಲ್ಲಿ ಹೆಚ್ಚು ಬಲವನ್ನು ಪಡೆಯುತ್ತಾರೆ.

ಪಿಟೀಲಿನೊಳಗೆ ಇಂಥಾ ಆಧಾರಗಳು ಎರಡು. ಮಂದ್ರ ತಂತಿಯ ಕಡೆಗೆ, ಕುದುರೆಯ ಒಂದು ಕಾಲಿನ ಕೆಳಗೆ, ಹಲಗೆಯ ಉದ್ದಕ್ಕೆ ಒಂದು ಪಟ್ಟಿಯನ್ನು ಅಂಟಿಸಿರುತ್ತಾರೆ. ಮತ್ತೊಂದು ಕಾಲಿನ ತುಸು ಹಿಂದೆ, ಮೇಲಣ ಹಲಗೆಗೂ ಬೆನ್ನಿನ ಹಲಗೆಗೂ ನಡುವೆ ಒಂದು ಸಣ್ಣ ಕಂಬವು ನಿಂತಿರುತ್ತದೆ. ಇದಕ್ಕೆ ಅಂಟಿಲ್ಲ, ಹಲಗೆಗಳ ಒತ್ತಡದಿಂದಲೇ ನಿಲ್ಲುತ್ತದೆ. ಕಂಬದ ಕಡೆಯ ಕಾಲು ಹೆಚ್ಚಾಗಿ ಅಲುಗದಿರುವುದರಿಂದ ಕುದುರೆಯು ಅತ್ತಿತ್ತ ತೂಗಿ, ಪಟ್ಟಿಯ ಕಡೆಯ ಹಲಗೆಯನ್ನು ಚೆನ್ನಾಗಿ ಕಂಪಿಸುವಂತೆ ಮಾಡುತ್ತದೆ. ಕಂಬವನ್ನು ಒಂದು ಮಿಲಿಮೀಟರಿನಷ್ಟು ಸರಿಸಿದರೂ ನಾದವು ಬದಲಾಗುವುದುಂಟು. ಫ್ರೆಂಚರು ಇದನ್ನು ಪಿಟೀಲಿನ ‘ಆತ್ಮ’ವೆಂದೇ ಕರೆಯುತ್ತಾರೆ. ನಮ್ಮ ನಾಡಿನ ಟಿ. ಚೌಡಯ್ಯನವರು ಏಳು ತಂತಿಗಳ ಪಿಟೀಲನ್ನು ನುಡಿಸಿ ಕೀರ್ತಿ ಪಡೆದರಷ್ಟೆ. ತಂತಿಗಳು ಹೆಚ್ಚಿದ ಹಾಗೆ ಒಳಗಿನ ಆಧಾರಗಳ ಹೊಣೆಯೂ ಹೆಚ್ಚುವುದೆಂದು ಊಹಿಸಿಕೊಳ್ಳಬಹುದು.

ಗಿಟಾರಿನಲ್ಲಿ ಪಟ್ಟಿಗಳು ಬೇರೆ ವಿಧ. ಸ್ಪೇನ್ ದೇಶದವರು ಅವುಗಳನ್ನು ಬೀಸಣಿಗೆಯ ಕಡ್ಡಿಗಳಂತೆ ಹರಡಿ ಅಂಟಿಸುತ್ತಿದ್ದರು. ಈ ಕ್ರಮವನ್ನು ಪರಿಪಕ್ವಮಾಡಿದವನು ಅಲ್ಮೇರಿಯದ ಅಂತೋನಿಯೊ ದೆ ತೋರೆಸ್ (1817–1892). ನಾದಕ್ಕೆ ಮುಖ್ಯವಾದದ್ದು ಮೇಲಣ ಹಲಗೆಯೇ ಎಂದು ತೋರಿಸುವುದಕ್ಕಾಗಿ ಅವನು 1862ರಲ್ಲಿ ಒಂದು ಗಿಟಾರಿನ ಬೆನ್ನನ್ನೂ ಪಕ್ಕಗಳನ್ನೂ ಕಾಗದದ ರಟ್ಟಿನಿಂದ ಮಾಡಿದನು. ಆ ವಾದ್ಯವು ಬಾರ್ಸೆಲೋನದ ಸಂಗೀತ ವಸ್ತುಸಂಗ್ರಹಾಲಯದಲ್ಲಿ ಉಂಟು.

ಜರ್ಮನಿಯಲ್ಲಿ ಹುಟ್ಟಿದ ಸಿ. ಎಫ್. ಮಾರ್ಟಿನ್ ಎಂಬವನು 1833ರಲ್ಲಿ ಅಮೆರಿಕೆಗೆ ಹೋಗಿ, ಬಳಿಕ ಪೆನ್ಸಿಲ್ವೇನಿಯದಲ್ಲಿ ಮೊರೇವಿಯನ್ ಕ್ರೈಸ್ತರು ಸ್ಥಾಪಿಸಿದ್ದ ನಜರೇತ್ ಎಂಬ ಊರಿನಲ್ಲಿ ನೆಲೆಸಿದನು. 1840ರ ದಶಕದಲ್ಲಿ ಅವನು ಎರಡು ಮುಖ್ಯ ಪಟ್ಟಿಗಳನ್ನು ಕತ್ತರಿಯಾಕಾರವಾಗಿ ಅಡ್ಡಹಾಯಿಸಿ ಅಂಟಿಸಿದ ಗಿಟಾರುಗಳನ್ನು ಮಾಡಿದನು. ಆಗ ಬಳಕೆಯಲ್ಲಿದ್ದುದು ಕರುಳಿನ ತಂತಿಯೇ. ಮುಂದೆ ಉಕ್ಕಿನ ತಂತಿಗಳು ಬಂದಾಗ ಈ ಕ್ರಮವೇ ಅವುಗಳ ಸೆಳೆತವನ್ನು ತಾಳಿ ನಿಂತಿತು. ಅವನ ಮನೆತನದ ಕಾರ್ಖಾನೆಯವರು ಪಟ್ಟಿಗಳನ್ನು ಅಲ್ಲಲ್ಲಿ ಕೆತ್ತಿ ಹಗುರಮಾಡುತ್ತಿದ್ದರು. ದಪ್ಪ ತಂತಿಗಳ ಬಳಕೆಯು ಹೆಚ್ಚಲು 1944ರಲ್ಲಿ ಕೆತ್ತುವುದನ್ನು ನಿಲ್ಲಿಸಿದರು. ವಾದ್ಯಗಳು ಗಟ್ಟಿಯಾದವು, ಆದರೆ ಹಳೆಯ ನಾದವೇ ಬೇಕೆಂದು ಅನೇಕರು ಬಯಸಿದ್ದರಿಂದ 1976ರಲ್ಲಿ ಕೆತ್ತಿದ ಪಟ್ಟಿಗಳು ತಿರಿಗಿ ಬಂದವು.

ಈ ಪಾಠದಿಂದ ನಮ್ಮ ವಿದ್ಯಾರ್ಥಿನಿಯರು ಎರಡು ಎಚ್ಚರಿಕೆಗಳನ್ನು ನೆನಪಿನಲ್ಲಿಡಲಿ. ಬೀಸಣಿಗೆಯ ಪಟ್ಟಿಗಳುಳ್ಳ ಗಿಟಾರು ನೈಲಾನು ತಂತಿಗಳಿಗಾಗಿ ಮಾಡಿದ್ದು. ಅವುಗಳ ಸೆಳೆತವು ಉಕ್ಕಿನ ತಂತಿಗಳಿಗಿಂತ ಬಹಳ ಕಡಿಮೆ. ಹೆಚ್ಚು ಧ್ವನಿ ಬರಲೆಂದು ಅದಕ್ಕೆ ಉಕ್ಕಿನ ತಂತಿಗಳನ್ನು ಹೂಡಿದರೆ ಕುದುರೆಯು ಕಿತ್ತುಬರುವುದು, ಇಲ್ಲವೆ ಹಲಗೆಯು ಉಬ್ಬುವುದು. ಪಿಟೀಲಿನ ತಂತಿಗಳನ್ನು ಬದಲಾಯಿಸುವಾಗ ಒಂದೊಂದಾಗಿಯೇ ಬದಲಾಯಿಸಬೇಕು. ಎಲ್ಲವನ್ನೂ ಒಮ್ಮೆಗೇ ಬಿಚ್ಚಿದರೆ ಒತ್ತಡ ತಪ್ಪಿ ಒಳಗಿನ ಕಂಬವು ಬಿದ್ದುಹೋದೀತು.

ಹೆಣ್ಣುಮಕ್ಕಳನ್ನು ಬೆಳಿಸುವ ನಮಗೂ ತಾಯಿತಂದೆಗಳಿಗೂ ಇದರಲ್ಲಿ ಒಂದು ಮಾತುಂಟು. ಕಟ್ಟಳೆಗಳು ಅತಿಯಾದರೆ ಮಗುವಿನ ಸ್ವರವೇ ಅಡಗಿಹೋಗುತ್ತದೆ. ಕಟ್ಟಳೆಯೇ ಇಲ್ಲದಿದ್ದರೆ ಲೋಕದ ಸೆಳೆತಕ್ಕೆ ಅದು ತಾಳಲಾರದು. ಯಾವ ಮಗುವಿಗೆ ಎಷ್ಟು ಆಧಾರ, ಯಾವ ಸ್ಥಳದಲ್ಲಿ ಬೇಕೆಂಬುದನ್ನು ತಾಳ್ಮೆಯಿಂದ ಕಿವಿಗೊಟ್ಟು ಅರಿಯುವುದು ಬಡಗಿಯ ಕೆಲಸದಷ್ಟೇ ಸೂಕ್ಷ್ಮವಾದದ್ದು. ಆ ವಿವೇಕವನ್ನು ದೇವರು ನಮಗೆಲ್ಲರಿಗೂ ಅನುಗ್ರಹಿಸಲಿ.