ಬೈಪಾಸ್ ಆದ ಮೇಲೆ ಟ್ರೋಪೋನಿನ್, ಸಿಆರ್‌ಪಿ ಏರಿದರೆ

ಪ್ರಶ್ನೆ: ನಮ್ಮ ತಂದೆಯವರಿಗೆ 62 ವರ್ಷ, ಸಕ್ಕರೆ ಕಾಯಿಲೆ ಇದೆ. ನಾಲ್ಕು ದಿನದ ಹಿಂದೆ ಬೈಪಾಸ್ ಆಯಿತು. ಮರುದಿನ ಟ್ರೋಪೋನಿನ್ ಐ ಮಿತಿಗಿಂತ 40 ಪಟ್ಟು ಇತ್ತು. ಮೂರನೇ ದಿನ ಸಿಆರ್‌ಪಿ 180. ಆಪರೇಷನ್ ಹೊತ್ತಿನಲ್ಲೇ ಹಾರ್ಟ್ ಅಟ್ಯಾಕ್ ಆಯಿತೇ? ನಂಜಾಗಿದೆಯೇ? ಅಪ್ಪ ಊಟ ಮಾಡುತ್ತಾರೆ, ವಾರ್ಡಿನಲ್ಲಿ ನಾಲ್ಕು ಹೆಜ್ಜೆ ಓಡಾಡುತ್ತಾರೆ. ಆದರೂ ನಮಗೆ ನಿದ್ದೆಯಿಲ್ಲ.
– ಓದುಗರು, ಚಿತ್ರದುರ್ಗ

ಉತ್ತರ: ಅಪ್ಪ ಉಂಡು ಓಡಾಡುತ್ತಿದ್ದಾರೆ ಎಂದು ಬರೆದಿದ್ದೀರಲ್ಲ, ನನಗೆ ಎರಡೂ ಅಂಕಿಗಳಿಗಿಂತ ಆ ಮಾತು ದೊಡ್ಡದು.

ಟ್ರೋಪೋನಿನ್ ಹೃದಯದ ಸ್ನಾಯುವಿನೊಳಗಿರುವ ಪ್ರೋಟೀನು. ಸ್ನಾಯುವಿಗೆ ಪೆಟ್ಟಾದರೆ ರಕ್ತಕ್ಕೆ ಸೋರುತ್ತದೆ. ಬೈಪಾಸ್‌ನಲ್ಲಿ ಸಾಮಾನ್ಯವಾಗಿ ಮಹಾಪಧಮನಿಗೆ ಕ್ಲಾಂಪ್ ಹಾಕಿ, ಪೊಟ್ಯಾಸಿಯಂ ಬೆರೆಸಿದ ದ್ರಾವಣ ಹರಿಸುತ್ತಾರೆ. ಮುಷ್ಟಿಯಂತೆ ಬಿಗಿದು ಬಡಿಯುತ್ತಿದ್ದ ಹೃದಯ ನೋಡನೋಡುತ್ತಲೇ ಮೆತ್ತಗಾಗಿ ನಿಲ್ಲುತ್ತದೆ. ಹೊಲಿಗೆ ಮುಗಿಯುವ ತನಕ ಅದಕ್ಕೆ ಮಾಮೂಲಿನ ರಕ್ತ ಸಂಚಾರವಿಲ್ಲ. ಟ್ರೋಪೋನಿನ್ ಏರದಿದ್ದರೇ ಆಶ್ಚರ್ಯ. ಬಡಿಯುವ ಹೃದಯದ ಮೇಲೇ ಮಾಡಿದರೂ ಏರುತ್ತದೆ, ಸ್ವಲ್ಪ ಕಡಿಮೆ.

ಹಾಗಾದರೆ ಎಷ್ಟು ಏರಿದರೆ ಚಿಂತೆ? 2018ರ ಅಂತರರಾಷ್ಟ್ರೀಯ ವ್ಯಾಖ್ಯೆಯ ಪ್ರಕಾರ 10 ಪಟ್ಟು ದಾಟಿದ ಮಾತ್ರಕ್ಕೆ ಅಟ್ಯಾಕ್ ಎನ್ನುವಂತಿಲ್ಲ. ಇಸಿಜಿ, ಎಕೋ ಇಲ್ಲವೇ ಆಂಜಿಯೋಗ್ರಾಮ್‌ನಲ್ಲೂ ಹೊಸ ಬದಲಾವಣೆ ಕಾಣಬೇಕು. 12 ದೇಶಗಳ 13,862 ರೋಗಿಗಳನ್ನು ನೋಡಿದ 2022ರ ಅಧ್ಯಯನದಲ್ಲಿ, ಬೈಪಾಸ್ ಆದವರಿಗೆ ತಿಂಗಳೊಳಗಿನ ಸಾವಿನ ಅಪಾಯ ಹೆಚ್ಚಿದ್ದು ಮೊದಲ ದಿನದ ಟ್ರೋಪೋನಿನ್ ಐ ಸುಮಾರು 218 ಪಟ್ಟು ದಾಟಿದಾಗ. ತಂದೆಯವರದು ಅದಕ್ಕಿಂತ ಎಷ್ಟೋ ಕೆಳಗಿದೆ. ಇಸಿಜಿ, ಎಕೋ ಹೇಗಿವೆ ಎಂದು ಸರ್ಜನ್‌ರನ್ನು ಕೇಳಿ. ಕೇಳುವುದು ನಿಮ್ಮ ಹಕ್ಕು.

ಸಿಆರ್‌ಪಿ ಹೃದಯದ್ದಲ್ಲ, ಯಕೃತ್ತು ತಯಾರಿಸುವ ವಸ್ತು. ಮೈಯಲ್ಲಿ ಎಲ್ಲೇ ಉರಿಯೂತವಾಗಲಿ, ಏರುತ್ತದೆ. ಸೀಳಿದ ಎದೆಮೂಳೆ, ರಕ್ತನಾಳ ತೆಗೆದ ಕಾಲಿನ ಗಾಯ, ಹಾರ್ಟ್-ಲಂಗ್ ಮೆಷಿನ್ನಿನ ಕೊಳವೆಗಳಲ್ಲಿ ಸುತ್ತಿಬಂದ ರಕ್ತ, ಇಷ್ಟು ಸಾಕು. ಎರಡು ಮೂರನೇ ದಿನ ತುದಿ ಮುಟ್ಟುತ್ತದೆ. ಆಗ 180 ಇರುವುದು ನಮಗೆ ದಿನನಿತ್ಯದ ನೋಟ. ಈ ಒಂದು ಅಂಕಿ ಹಿಡಿದು ನಂಜು ಎನ್ನಲಾಗದು. ಅಲ್ಲಿಂದ ಮುಂದೆ ಅದು ಇಳಿಯುತ್ತಿದೆಯೇ ಎಂಬುದೇ ಮುಖ್ಯ. ಇಳಿದದ್ದು ಮತ್ತೆ ಏರಿದರೆ ಗಾಯ, ಶ್ವಾಸಕೋಶ, ಮೂತ್ರ ಎಲ್ಲವನ್ನೂ ಹುಡುಕಬೇಕಾಗುತ್ತದೆ.

ಸಕ್ಕರೆ ಕಾಯಿಲೆಯವರಿಗೆ ಎದೆಯ ಗಾಯ ನಂಜಾಗುವ ಸಂಭವ ಹೆಚ್ಚು. ಆದ್ದರಿಂದ ಮನೆಗೆ ಬಂದ ಮೇಲೆ ಸಕ್ಕರೆ ಹತೋಟಿಯಲ್ಲಿರಲಿ. ದಿನಾ ಬೆಳಕಿನಲ್ಲಿ ಗಾಯ ನೋಡಿ. ಕೆಂಪಾಗುವುದು, ಕೀವು ಸೋರುವುದು, ಕೆಮ್ಮಿದಾಗ ಎದೆಮೂಳೆ ಕಟಕ್ಕೆಂದು ಅಲುಗಿದಂತಾಗುವುದು, ಜ್ವರ, ಹೊಸದಾಗಿ ಎದೆನೋವು ಅಥವಾ ಏದುಸಿರು – ಇವುಗಳಲ್ಲಿ ಒಂದು ಕಂಡರೂ ಮುಂದಿನ ತಪಾಸಣೆಯ ದಿನಕ್ಕೆ ಕಾಯಬೇಡಿ, ಆವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ.