ಮಾರ್ಚ್ ತಿಂಗಳ ಅವಸರ

ಫೆಬ್ರವರಿ ಬಂತೆಂದರೆ ಸಂಬಳದಾರರ ಮನೆಯಲ್ಲಿ ಒಂದು ಚಿಂತೆ ಶುರುವಾಗುತ್ತದೆ. ಕಾನಹೊಸಹಳ್ಳಿಯ ಒಬ್ಬ ಶಾಲಾ ಶಿಕ್ಷಕರನ್ನು ಊಹಿಸಿಕೊಳ್ಳಿ. ಆ ತಿಂಗಳ ಸಂಬಳದಲ್ಲಿ ದೊಡ್ಡ ಪಾಲು ತೆರಿಗೆಗೆ ಕಡಿತವಾಗಿದೆ. ಗಾಬರಿಯಿಂದ ಅವರು ಕೈಸಾಲ ಮಾಡಿ, ಯಾರೋ ಹೇಳಿದ ವಿಮಾ ಪಾಲಿಸಿಗೆ ಸಹಿ ಹಾಕುತ್ತಾರೆ. ಸಾಲದ ಬಡ್ಡಿಯೂ ಹದಿನೈದು ವರ್ಷಗಳ ಕಂತೂ ಒಟ್ಟಿಗೆ ಮನೆ ಸೇರುತ್ತವೆ.

ಅವರು ಮೊದಲು ಕೇಳಬೇಕಾಗಿದ್ದ ಪ್ರಶ್ನೆ ಒಂದೇ: ನನ್ನದು ಹಳೆಯ ಪದ್ಧತಿಯೋ ಹೊಸದೋ? 2023-24ರಿಂದ, ನಾವು ಬೇರೆ ಆರಿಸದಿದ್ದರೆ, ಹೊಸ ಪದ್ಧತಿಯೇ ಅನ್ವಯಿಸುತ್ತದೆ. ಅದರಲ್ಲಿ ವಿಮಾ ಕಂತು, ಪಿಪಿಎಫ್, ಶಾಲಾ ಶುಲ್ಕ ಇವುಗಳಿಗೆ ವಿನಾಯಿತಿ ಇಲ್ಲ. ಆದರೆ 2025-26ರ ಲೆಕ್ಕದಂತೆ ವರ್ಷಕ್ಕೆ 12,75,000 ರೂಪಾಯಿವರೆಗಿನ ಸಂಬಳಕ್ಕೆ ತೆರಿಗೆಯೇ ಬಾರದು. ನಮ್ಮ ಶಿಕ್ಷಕರ ಸಂಬಳ ಅದರೊಳಗೇ ಇದ್ದಿದ್ದರೆ ಆ ಪಾಲಿಸಿಯ ಅಗತ್ಯವೇ ಇರಲಿಲ್ಲ. ಸಂಬಳದಾರರು ರಿಟರ್ನ್ಸ್ ಸಲ್ಲಿಸುವಾಗಲೂ ಪದ್ಧತಿಯನ್ನು ಆರಿಸಿಕೊಳ್ಳಬಹುದು. ಹೆಚ್ಚು ಕಡಿತವಾದ ಹಣ ಮರಳಿ ಬರುತ್ತದೆ.

ಇನ್ನು ಹಳೆಯ ಪದ್ಧತಿಯೇ ಲಾಭವೆನ್ನುವವರಿಗೆ ತಾರೀಖು ಮುಖ್ಯ. ವರ್ಷ ಏಪ್ರಿಲ್ 1ಕ್ಕೆ ಆರಂಭ, ಮಾರ್ಚ್ 31ಕ್ಕೆ ಮುಕ್ತಾಯ. ಹಣ ಕೊಟ್ಟ ದಿನ ಯಾವ ವರ್ಷದ್ದೋ ವಿನಾಯಿತಿಯೂ ಆ ವರ್ಷದ್ದೇ. ಪಿಪಿಎಫ್, ಜೀವ ವಿಮೆ, ಇಬ್ಬರು ಮಕ್ಕಳ ಬೋಧನಾ ಶುಲ್ಕ, ಮನೆ ಸಾಲದ ಅಸಲು ಎಲ್ಲ ಸೇರಿ ಮಿತಿ 1,50,000 ರೂಪಾಯಿ. ಈ ವರ್ಷದ ಮಿತಿ ತುಂಬಿದ್ದರೆ, ಶಾಲೆ ಒಪ್ಪಿದಲ್ಲಿ, ಮುಂದಿನ ತರಗತಿಯ ಶುಲ್ಕವನ್ನು ಮಾರ್ಚ್ ಬದಲು ಏಪ್ರಿಲ್‌ನಲ್ಲಿ ಕಟ್ಟಿ. ಅದು ಹೊಸ ವರ್ಷದ ಲೆಕ್ಕಕ್ಕೆ ಸೇರುತ್ತದೆ. ಆದರೆ ವಿಮಾ ಕಂತಿನ ಗಡುವನ್ನು ಮಾತ್ರ ದಾಟಿಸಬೇಡಿ.

ಪಿಪಿಎಫ್‌ನಲ್ಲಿ ತಿಂಗಳ 5ನೇ ತಾರೀಖಿನೊಳಗೆ ಕಟ್ಟಿದ ಹಣಕ್ಕೆ ಆ ತಿಂಗಳ ಬಡ್ಡಿ ಸಿಗುತ್ತದೆ. ಏಪ್ರಿಲ್ 5ರೊಳಗೆ ಕಟ್ಟಿದವರಿಗೆ ಇಡೀ ವರ್ಷದ ಬಡ್ಡಿ; ಮಾರ್ಚ್ 31ಕ್ಕೆ ಓಡಿದವರಿಗೆ ವಿನಾಯಿತಿ ಉಂಟು, ಆ ವರ್ಷದ ಬಡ್ಡಿ ಇಲ್ಲ. ಆರೋಗ್ಯ ವಿಮೆಯ ಕಂತನ್ನು ನಗದಾಗಿ ಕೊಟ್ಟರೆ ವಿನಾಯಿತಿ ಸಿಗದು. ದಾನಕ್ಕೆ ಅನುಮೋದಿತ ಸಂಸ್ಥೆಯ ರಸೀದಿ ಬೇಕು, 2,000 ರೂಪಾಯಿ ಮೀರಿದರೆ ನಗದು ಸಲ್ಲದು. ಕಾಣಿಕೆ ಡಬ್ಬಿಗೆ ಹಾಕಿದ್ದು ದೇವರ ಲೆಕ್ಕಕ್ಕೆ, ತೆರಿಗೆಯ ಲೆಕ್ಕಕ್ಕಲ್ಲ.

ಒಂದು ಮಾತು ನೆನಪಿರಲಿ. ಹಳೆಯ ಪದ್ಧತಿಯಲ್ಲಿ ಶೇಕಡಾ 30ರ ತೆರಿಗೆ ಕಟ್ಟುವವರು ಆರೋಗ್ಯ ವಿಮೆಗೆ 25,000 ರೂಪಾಯಿ ಕೊಟ್ಟರೆ, ಸೆಸ್ ಸೇರಿ ಉಳಿಯುವ ತೆರಿಗೆ 7,800. ಮಿಕ್ಕ 17,200 ನಮ್ಮ ಜೇಬಿನದೇ. ಆದ್ದರಿಂದ ಮನೆಗೆ ಬೇಕಾದುದಕ್ಕೆ ಮಾತ್ರ ಹಣ ಕೊಡಿ. ತೆರಿಗೆ ಉಳಿತಾಯ ಅದರ ಹಿಂದೆ ಬರಲಿ.

ಈ ಏಪ್ರಿಲ್‌ನಲ್ಲಿ ಗಂಡ ಹೆಂಡತಿ ಜೊತೆಗೆ ಕುಳಿತು, ವರ್ಷದ ಕಂತುಗಳನ್ನೂ ಅವುಗಳ ತಾರೀಖುಗಳನ್ನೂ ಒಂದು ಹಾಳೆಯಲ್ಲಿ ಬರೆದಿಡಿ. ಮಾರ್ಚ್ ತಿಂಗಳು ಶಾಂತವಾಗಿ ಬರುತ್ತದೆ.