ಶೋಕಭೂಮಿಯೂ ಪ್ರಾರ್ಥನಾಮಂದಿರವೂ

ಭಗವಂತನು ಸರ್ವತ್ರ ವ್ಯಾಪಿಸಿರುವನೆಂದ ಮೇಲೆ ಪ್ರಾರ್ಥನೆಗೆ ಸಲ್ಲದ ನೆಲವೊಂದುಂಟೆ? ಘೋರ ಹತ್ಯೆ ನಡೆದ ಸ್ಥಳದಲ್ಲಿ ಪೂಜಾಗೃಹವನ್ನು ಕಟ್ಟುವುದು ಮೃತರಿಗೆ ಸಲ್ಲಿಸುವ ಗೌರವವಲ್ಲವೆ? ಪ್ರಶ್ನೆ ಸುಲಭವೆಂದು ತೋರುವುದು. ಆದರೆ ಸದ್ಭಾವದಿಂದ ಮಾಡಿದ ಪ್ರಾರ್ಥನೆಯೂ ಪರರ ಹೃದಯಕ್ಕೆ ಶೂಲವಾಗಬಹುದೆಂಬುದನ್ನು ಪೋಲೆಂಡ್ ದೇಶದಲ್ಲಿ ನಡೆದ ಸಂಗತಿಯೊಂದು ತಿಳಿಸುತ್ತದೆ.

ಆ ದೇಶದ ಆಷ್ವಿಟ್ಸ್ ಎಂಬಲ್ಲಿ ಜರ್ಮನಿಯ ನಾಜಿಗಳು 1940ರಿಂದ 1945ರವರೆಗೆ ನಡೆಸಿದ ಸೆರೆಶಿಬಿರಗಳಲ್ಲಿ ಸುಮಾರು 11 ಲಕ್ಷ ಜನರು ಹತರಾದರು. ಅವರಲ್ಲಿ ಸುಮಾರು 10 ಲಕ್ಷ ಮಂದಿ ಯಹೂದ್ಯರು. ಯಹೂದ್ಯರಾಗಿ ಹುಟ್ಟಿದುದೇ ಅವರ ಅಪರಾಧವೆನಿಸಿತ್ತು. ಕ್ರೈಸ್ತರಾದ ಪೋಲಿಷ್ ಜನರೂ ಹತ್ತಾರು ಸಾವಿರ ಸಂಖ್ಯೆಯಲ್ಲಿ ಅಲ್ಲಿಯೇ ಮಡಿದರು.

1984ರಲ್ಲಿ ಕಾರ್ಮೆಲೈಟ್ ಪಂಗಡದ ಕ್ರೈಸ್ತ ಸಂನ್ಯಾಸಿನಿಯರು ಶಿಬಿರದ ಬೇಲಿಗೆ ಹೊಂದಿಕೊಂಡ ಹಳೆಯ ಕಟ್ಟಡವೊಂದರಲ್ಲಿ ನೆಲಸಿದರು. ಹತ್ಯೆಗೆ ಬಳಸಿದ ವಿಷದ ಡಬ್ಬಿಗಳನ್ನು ಹಿಂದೆ ಅಲ್ಲಿಯೇ ಕೂಡಿಟ್ಟಿದ್ದರು. ಏಕಾಂತ, ಮೌನ, ಮೃತರಿಗಾಗಿ ಪ್ರಾರ್ಥನೆ, ಇವೇ ಆ ಸಂನ್ಯಾಸಿನಿಯರ ವ್ರತ. ಆದರೂ ಯಹೂದ್ಯರು ನೊಂದರು. ತಮ್ಮವರು ಹತರಾದ ನೆಲದಲ್ಲಿ ಅನ್ಯಮತದ ಚಿಹ್ನೆ ನಿಂತರೆ, ಅಲ್ಲಿ ಸತ್ತವರು ಯಾರು, ಏತಕ್ಕಾಗಿ ಸತ್ತರು ಎಂಬುದನ್ನೇ ಲೋಕವು ಮರೆತೀತೆಂಬುದು ಅವರ ಅಳಲು. ಆ ನೆಲವು ಮೌನವಾಗಿಯೇ ಇರಲಿ ಎಂದು ಅವರು ಬೇಡಿದರು.

1987ರಲ್ಲಿ ಜಿನೀವಾ ನಗರದಲ್ಲಿ ಕ್ರೈಸ್ತ ಗುರುಗಳೂ ಯಹೂದ್ಯ ಮುಖಂಡರೂ ಕುಳಿತು, ಎರಡು ವರ್ಷಗಳೊಳಗೆ ಆ ಮಠವನ್ನು ಬೇರೆಡೆಗೆ ಸಾಗಿಸಬೇಕೆಂದು ಒಪ್ಪಿಕೊಂಡರು. ಅವಧಿ ಮೀರಿತು; ಕಟುವಾದ ಮಾತುಗಳು ಬೆಳೆದವು. ಕೊನೆಗೆ 1993ರಲ್ಲಿ, ಪೋಲೆಂಡಿನವರೇ ಆದ ಪೋಪ್ ಎರಡನೆಯ ಜಾನ್ ಪಾಲರು ಪತ್ರ ಬರೆದ ಮೇಲೆ ಸಂನ್ಯಾಸಿನಿಯರು ಆ ಕಟ್ಟಡವನ್ನು ಬಿಟ್ಟರು. ಹೊಸ ಮಠವು ತುಸು ದೂರದಲ್ಲಿ ನಿಂತಿತು. ಅದರಿಂದ ಪ್ರಾರ್ಥನೆಗೆ ಯಾವ ಕುಂದೂ ಬರಲಿಲ್ಲ.

ಹಾಗಾದರೆ ದುರಂತಸ್ಥಳದಲ್ಲಿ ಪೂಜಾಗೃಹವೇ ಸಲ್ಲದೆಂದು ಹೇಳಬಹುದೆ? ಹೇಳಲಾಗದು. ಜರ್ಮನಿಯ ಡಾಖಾವ್ ಶಿಬಿರದಲ್ಲಿ 2,700ಕ್ಕೂ ಹೆಚ್ಚು ಕ್ರೈಸ್ತ ಪಾದ್ರಿಗಳು ಸೆರೆಯಲ್ಲಿದ್ದರು. ಅಲ್ಲಿ 1960ರಲ್ಲಿ ಕ್ಯಾಥೊಲಿಕರ ಪ್ರಾರ್ಥನಾಲಯವೂ, 1967ರಲ್ಲಿ ಪ್ರಾಟೆಸ್ಟೆಂಟರ ದೇವಾಲಯ ಹಾಗೂ ಯಹೂದ್ಯರ ಸ್ಮಾರಕಗಳೂ ನಿರ್ಮಾಣವಾದವು. ಒಬ್ಬರ ಶೋಕವು ಇನ್ನೊಬ್ಬರ ಶೋಕವನ್ನು ಮರೆಮಾಡದಂತೆ ಅವು ಒಂದರ ಪಕ್ಕದಲ್ಲೊಂದು ನಿಂತಿವೆ.

ಯಾರು ಆಕ್ಷೇಪಿಸಿದರೂ ಹಿಂದೆ ಸರಿಯಬೇಕೆ ಎಂದು ಕೆಲವರು ಕೇಳಬಹುದು. ದ್ವೇಷದಿಂದ ಹುಟ್ಟಿದ ಆಕ್ಷೇಪವೇ ಬೇರೆ, ಶೋಕದಿಂದ ಹುಟ್ಟಿದ ಆಕ್ಷೇಪವೇ ಬೇರೆ. ಮೊದಲನೆಯದಕ್ಕೆ ಅಂಜಬೇಕಾದುದಿಲ್ಲ, ಎರಡನೆಯದಕ್ಕೆ ಕಿವಿಗೊಡದಿರುವುದು ಧರ್ಮವಲ್ಲ. ಇವೆರಡನ್ನೂ ಬೇರ್ಪಡಿಸಿ ಕಾಣುವುದೇ ವಿವೇಕ.

ಶರಣರು ಸ್ಥಾವರಕ್ಕಿಂತ ಜಂಗಮವನ್ನು ಹಿರಿದೆಂದು ಬಗೆದುದರ ಮರ್ಮವೂ ಇಲ್ಲಿ ಬೆಳಗುತ್ತದೆ. ಇಷ್ಟಲಿಂಗವನ್ನು ಕರಸ್ಥಲದಲ್ಲಿ ಧರಿಸಿದ ಭಕ್ತನಿಗೆ ಇಂತಹ ನೆಲದಲ್ಲಿಯೇ ಗೋಡೆ ಏಳಬೇಕೆಂಬ ಹಟವೇಕೆ? ಗೋಡೆಯನ್ನು ಇನ್ನೊಂದೆಡೆ ಕಟ್ಟಬಹುದು. ಒಡೆದ ಮನಸ್ಸನ್ನು ಕಟ್ಟುವುದು ಕಷ್ಟ.

ಸಾವಾದ ಮನೆಗೆ ಹೋದ ಬಂಧುವು ಮೊದಲು ಮಾತಿಲ್ಲದೆ ಕುಳಿತುಕೊಳ್ಳುವನು. ಮನೆಯವರು ಬಾಯಿ ತೆರೆದ ಮೇಲೆ ತಾನು ನುಡಿಯುವನು. ಶೋಕಭೂಮಿಯ ಬಳಿ ದೇವರ ಮನೆಯನ್ನು ಕಟ್ಟುವವರೂ ಈ ಮರ್ಯಾದೆಯನ್ನು ಪಾಲಿಸುವುದು ಲೇಸು.